ನಿಮಗಿದು ಗೊತ್ತೆ? ಆರು ತಿಂಗಳು ಜಗ್ಗದ ಕೊಪ್ಪಳ ಕೋಟೆ

ಎರಡನೇ ಮಹಾಯುದ್ಧದಲ್ಲಿ, 1943ರಲ್ಲಿ, ಜಪಾನ್ ಹಿಡಿತದಲ್ಲಿದ್ದ ಪೆಸಿಫಿಕ್ ಸಾಗರದ ತಾರಾವಾ ದ್ವೀಪದ ದಂಡೆಗೆ ಇಳಿದ ಅಮೆರಿಕ, ಮೂರೇ ದಿನಗಳಲ್ಲಿ ಸುಮಾರು 1,000 ಯೋಧರನ್ನು ಕಳೆದುಕೊಂಡಿತು. ‘ಇಷ್ಟು ತೆತ್ತು ಗೆಲ್ಲಬೇಕಿತ್ತೆ?’ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಇದೇ ಪ್ರಶ್ನೆಯನ್ನು ನಮ್ಮ ಕೊಪ್ಪಳ ಕೋಟೆಯ ಮುತ್ತಿಗೆಗೂ ಕೇಳಬಹುದು.

* 1786ರಲ್ಲಿ ಟಿಪ್ಪು ಸುಲ್ತಾನ್ ಈ ಕೋಟೆಯನ್ನು ಪಾಳೆಯಗಾರನಿಂದ ವಶಪಡಿಸಿಕೊಂಡು, ಫ್ರೆಂಚ್ ಎಂಜಿನಿಯರ್‌ಗಳ ನೆರವಿನಿಂದ ಬಲಪಡಿಸಿದ. ಕೆಳಗೊಂದು ಕೋಟೆ, ಬಂಡೆಗುಡ್ಡದ ನೆತ್ತಿಯಲ್ಲಿ ಇನ್ನೊಂದು.

* ಮೂರನೇ ಮೈಸೂರು ಯುದ್ಧದಲ್ಲಿ, 1790ರ ಕೊನೆಗೆ, ಹೈದರಾಬಾದ್ ನಿಜಾಮ ಮತ್ತು ಬ್ರಿಟಿಷರ ಪಡೆಗಳು ಮುತ್ತಿಗೆ ಹಾಕಿದವು. ತಿಂಗಳುಗಳು ಉರುಳಿದರೂ ಬಾಗಿಲು ತೆರೆಯಲಿಲ್ಲ.

* ಮುತ್ತಿಗೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಜಾನ್ ಮಾಲ್ಕಂ, ತಾನು ಭಾರತದಲ್ಲಿ ಕಂಡ ಕೋಟೆಗಳಲ್ಲೆಲ್ಲ ಇದೇ ಅತ್ಯಂತ ಭದ್ರವಾದದ್ದು ಎಂದು ಬಣ್ಣಿಸಿದ.

* 1791ರ ಮಾರ್ಚ್ 21ರಂದು ಟಿಪ್ಪುವಿನ ಬೆಂಗಳೂರು ಕೋಟೆ ಬ್ರಿಟಿಷ್ ಸೇನಾನಾಯಕ ಕಾರ್ನ್‌ವಾಲಿಸ್ ಕೈಸೇರಿತು. ಆ ಸುದ್ದಿ ಮುಟ್ಟಿದ ಬಳಿಕವೇ, ಏಪ್ರಿಲ್‌ನಲ್ಲಿ, ಕೊಪ್ಪಳದ ಕಾವಲುಪಡೆ ಶರಣಾಯಿತು. ಪಕ್ಕದ ಬಹದ್ದೂರಬಂಡಿ ಕೋಟೆಯೂ ನಿಜಾಮನ ಪಾಲಾಯಿತು.

* ಲಾಭವೇನು? 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಕೊಪ್ಪಳ ನಿಜಾಮನಿಗೆ ದಕ್ಕಿ, 1948ರವರೆಗೂ ಹೈದರಾಬಾದ್ ಸಂಸ್ಥಾನದಲ್ಲೇ ಉಳಿಯಿತು.

* ನಷ್ಟವೇನು? ನಿಜಾಮನ ಕಾಲಾಳು, ತೋಪುಗಳು ಯುದ್ಧದ ಮುಖ್ಯ ರಂಗದಿಂದ ದೂರ, ಒಂದೇ ಗುಡ್ಡದ ಬುಡದಲ್ಲಿ ಸುಮಾರು ಆರು ತಿಂಗಳು ಸಿಕ್ಕಿಬಿದ್ದವು.

ತೀರ್ಪು: ರಾಜ್ಯ ವಿಸ್ತರಣೆಯ ಲೆಕ್ಕದಲ್ಲಿ ನಿಜಾಮನಿಗೆ ಲಾಭ, ಯುದ್ಧತಂತ್ರದ ಲೆಕ್ಕದಲ್ಲಿ ದುಬಾರಿ ಬಾಬತ್ತು. ಕೊಪ್ಪಳವನ್ನು ಮಣಿಸಿದ್ದು ತೋಪಿಗಿಂತ ಹೆಚ್ಚಾಗಿ ಬೆಂಗಳೂರಿನ ಸುದ್ದಿ!