ಮಳೆಯ ಲೆಕ್ಕಕ್ಕೆ ಪೈಥಾನ್

ಕೃಷ್ಣರಾಜಪುರದ ಒಂದು ಶಾಲೆಯಲ್ಲಿ ಮಳೆಮಾಪಕವಿದೆ ಎಂದುಕೊಳ್ಳಿ. ಹವಾಮಾನ ಇಲಾಖೆಯ ಕ್ರಮದಂತೆ ವಿದ್ಯಾರ್ಥಿಗಳು ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನು ಅಳೆದು ಸ್ಪ್ರೆಡ್‌ಶೀಟಿನಲ್ಲಿ ದಾಖಲಿಸುತ್ತಾರೆ. ತಿಂಗಳಿಗೊಂದು ಕಡತ, ಐದು ವರ್ಷಕ್ಕೆ 60 ಕಡತ. 2022ರ ಸೆಪ್ಟೆಂಬರಿನಲ್ಲಿ ಪೂರ್ವ ಬೆಂಗಳೂರಿನ ಬಡಾವಣೆಗಳು ಜಲಾವೃತವಾದುದನ್ನು ಕಂಡವರಿಗೆ ಇಂಥ ದಾಖಲೆಯ ಬೆಲೆ ಗೊತ್ತು. ಆದರೆ 60 ಕಡತಗಳನ್ನು ಒಂದೊಂದಾಗಿ ತೆರೆದು ಅಂಕಿಗಳನ್ನು ನಕಲು ಮಾಡುವಾಗ ಒಂದು ಸಾಲು ತಪ್ಪಿದರೂ ಯಾರಿಗೂ ತಿಳಿಯದು.

ಈ ಕೆಲಸವನ್ನು ಪೈಥಾನ್ ಭಾಷೆಗೆ ವಹಿಸಬಹುದು. ಎಕ್ಸ್‌ಎಲ್‌ಎಸ್‌ಎಕ್ಸ್ ಕಡತವೆಂದರೆ ಹಲವು ಎಕ್ಸ್‌ಎಂಎಲ್ ಕಡತಗಳನ್ನು ಜಿಪ್ ಮಾಡಿದ ಒಂದು ಕಟ್ಟು. 'ಓಪನ್‌ಪೈಎಕ್ಸ್‌ಎಲ್' ಎಂಬ ಉಚಿತ ಲೈಬ್ರರಿ ಈ ಕಟ್ಟನ್ನು ನೇರವಾಗಿ ಬಿಚ್ಚಿ ಓದುತ್ತದೆ. ಇದಕ್ಕೆ ಎಕ್ಸೆಲ್ ತಂತ್ರಾಂಶ ಬೇಕಿಲ್ಲ. ಸ್ಕ್ರಿಪ್ಟಿನ ಹಂತಗಳು ಸರಳ: ಫೋಲ್ಡರಿನ ಪ್ರತಿ ಕಡತವನ್ನೂ ತೆರೆ, ಮಳೆಯ ಕಂಬಸಾಲಿನ ಕೋಶಗಳನ್ನು ಓದು, ಕೂಡು, ಹೊಸ ಹಾಳೆಗೆ ಒಂದು ಅಡ್ಡಸಾಲು ಸೇರಿಸು, ಕೊನೆಗೆ ಹೊಸ ಹೆಸರಿನಲ್ಲಿ ಉಳಿಸು. ಹಳೆಯ ಹೆಸರನ್ನೇ ಕೊಟ್ಟರೆ ಯಾವ ಎಚ್ಚರಿಕೆಯೂ ಇಲ್ಲದೆ ಮೂಲ ಕಡತ ಅಳಿಸಿಹೋಗುತ್ತದೆ.

ಖಾಲಿ ಕೋಶಗಳ ವಿಷಯದಲ್ಲಿ ಎಚ್ಚರ ಬೇಕು. ಲೈಬ್ರರಿ ಅವನ್ನು ಸೊನ್ನೆ ಎನ್ನದೆ 'ನನ್' ಎಂದು ಓದುತ್ತದೆ. ಕೂಡಲು ಹೋದರೆ ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ. ಹಾಗೆಂದು ಅಲ್ಲಿ ಸೊನ್ನೆ ತುಂಬಬೇಡಿ. ಸೊನ್ನೆ ಎಂದರೆ ಮಳೆ ಬರಲಿಲ್ಲ. ಖಾಲಿ ಎಂದರೆ ಅಳೆಯಲಿಲ್ಲ. 25 ದಿನ ಅಳೆದಾಗ 300 ಮಿ.ಮೀ. ದಾಖಲಾಗಿದ್ದರೆ ದಿನದ ಸರಾಸರಿ 12 ಮಿ.ಮೀ. ಅಳೆಯದ 5 ದಿನಗಳಿಗೆ ಸೊನ್ನೆ ಹಾಕಿದರೆ ಅದು 10ಕ್ಕೆ ಇಳಿಯುತ್ತದೆ. ಆದ್ದರಿಂದ ಖಾಲಿ ಕೋಶಗಳನ್ನು ಬಿಟ್ಟು ಕೂಡಿ, ಅಳೆದ ದಿನಗಳ ಸಂಖ್ಯೆಯನ್ನು ಮೊತ್ತದ ಪಕ್ಕದಲ್ಲೇ ಬರೆಯುವಂತೆ ಸ್ಕ್ರಿಪ್ಟ್ ರಚಿಸಿ.

ಯಂತ್ರಕ್ಕೆ ವಹಿಸಿದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ. 2020ರಲ್ಲಿ ಬ್ರಿಟನ್ನಿನಲ್ಲಿ ಕೋವಿಡ್ ಫಲಿತಾಂಶಗಳನ್ನು ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಕಡತಕ್ಕೆ ತುಂಬಿದಾಗ, ಹಾಳೆಗೆ 65,536 ಅಡ್ಡಸಾಲುಗಳೆಂಬ ಅದರ ಮಿತಿ ಮೀರಿತು. 15,841 ಪ್ರಕರಣಗಳು ದೈನಂದಿನ ವರದಿಯಿಂದ ಬಿಟ್ಟುಹೋದವು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು. ಒಳಹೋದ ಸಾಲುಗಳೆಷ್ಟು, ಹೊರಬಂದವೆಷ್ಟು ಎಂದು ತಾಳೆ ನೋಡಿದ್ದರೆ ಕೊರತೆ ಬೇಗ ಕಣ್ಣಿಗೆ ಬೀಳುತ್ತಿತ್ತು.

ನೀವೂ ಈ ತಾಳೆಯನ್ನು ಸ್ಕ್ರಿಪ್ಟಿನಲ್ಲೇ ಸೇರಿಸಿ. ಮೊದಲು ಒಂದು ತಿಂಗಳ ಮೊತ್ತವನ್ನು ಕೈಯಿಂದ ಲೆಕ್ಕ ಹಾಕಿ ಹೋಲಿಸಿ. ಸರಿಬಂದ ಮೇಲೆ ಉಳಿದ 59 ಕಡತಗಳತ್ತ ಹೋಗಿ. ಕೈಯಿಂದ ಮಾಡಿದ ನಕಲು ಯಾವ ಗುರುತನ್ನೂ ಉಳಿಸುವುದಿಲ್ಲ. ಸ್ಕ್ರಿಪ್ಟಿನಲ್ಲಾದರೋ ಪ್ರತಿ ಹೆಜ್ಜೆಯೂ ಬರಹದಲ್ಲಿರುತ್ತದೆ. ಮುಂದಿನ ವರ್ಷದ ವಿದ್ಯಾರ್ಥಿಗಳು ಅದನ್ನು ಓದಿ, ಪ್ರಶ್ನಿಸಿ, ತಿದ್ದಬಹುದು.