ಎಸ್ಕ್ರೋದಲ್ಲಿಟ್ಟ ಹಣ ಮತ್ತು ಹದಿನಾಲ್ಕು ದಿನಗಳ ಗಡುವು

ವರ್ಷಾಂತ್ಯದ ಲೆಕ್ಕಪತ್ರ ಪರಿಶೋಧನೆಯ ಸಂದರ್ಭದಲ್ಲಿ ನಮ್ಮ ಕಕ್ಷಿದಾರರೊಬ್ಬರು ಕಚೇರಿಗೆ ಬಂದಿದ್ದರು. ಕೃಷಿ ಸಿಂಪಡಣಾ ಯಂತ್ರಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕದ ಮಾಲೀಕರು. ತಮ್ಮ ಉತ್ಪನ್ನಗಳ ಕ್ಯಾಟಲಾಗ್ ಸಿದ್ಧಪಡಿಸಲು ಅಂತರ್ಜಾಲದ ವೇದಿಕೆಯೊಂದರ ಮೂಲಕ ವಿದೇಶದ ಡಿಸೈನರ್ ಒಬ್ಬರನ್ನು ಗೊತ್ತುಮಾಡಿ, 900 ಡಾಲರುಗಳನ್ನು ಒಂದೇ ಕಂತಿನಲ್ಲಿ ಎಸ್ಕ್ರೋಗೆ ಕಟ್ಟಿದ್ದರು. ಬೇಕಾಗಿದ್ದದ್ದು 40 ಪುಟ, ಬಂದದ್ದು 22 ಪುಟ. ಕೆಲಸ ಸಲ್ಲಿಕೆಯಾದ ದಿನಗಳಲ್ಲಿ ಇವರು ಮಗಳ ಮದುವೆಯ ಓಡಾಟದಲ್ಲಿದ್ದರು, ಇ-ಮೇಲ್ ನೋಡಿರಲಿಲ್ಲ. ನೋಡುವ ವೇಳೆಗೆ ಹಣ ಡಿಸೈನರ್ ಖಾತೆಗೆ ಸಂದಾಯವಾಗಿತ್ತು. “ಎಸ್ಕ್ರೋದಲ್ಲಿ ಹಣ ಭದ್ರವಾಗಿರುತ್ತದೆ ಎಂದಿದ್ದರಲ್ಲ ಸಾರ್, ನಾನು ಹೂಂ ಎನ್ನದೆ ಅದು ಹೋದದ್ದು ಹೇಗೆ?” ಎಂಬುದು ಅವರ ಪ್ರಶ್ನೆ. ಇದೇ ಪ್ರಶ್ನೆ ಇತರ ಸದಸ್ಯರಿಗೂ ಎದುರಾಗಬಹುದಾದ್ದರಿಂದ ಈ ಲೇಖನ.

ಎಸ್ಕ್ರೋ ಎಂಬ ಪದದ ಮೂಲ ಹಳೆಯ ಫ್ರೆಂಚ್ ಭಾಷೆಯಲ್ಲಿದೆ. ಚರ್ಮದ ಹಾಳೆಯ ತುಂಡು ಅಥವಾ ಸುರುಳಿ ಎಂದು ಅದರ ಅರ್ಥ. ಷರತ್ತು ಪೂರೈಸುವವರೆಗೆ ಕರಾರುಪತ್ರವನ್ನು ಮೂರನೆಯವರ ವಶದಲ್ಲಿಡುತ್ತಿದ್ದ ಪದ್ಧತಿ ಕ್ರಮೇಣ ಹಣಕ್ಕೂ ಅನ್ವಯವಾಯಿತು. ನಮ್ಮ ವ್ಯಾಪಾರಸ್ಥರಿಗೆ ಈ ಕಲ್ಪನೆ ತೀರ ಅಪರಿಚಿತವೇನಲ್ಲ. ರಫ್ತು ವ್ಯವಹಾರದ ಲೆಟರ್ ಆಫ್ ಕ್ರೆಡಿಟ್‌ನಲ್ಲಿ ಬ್ಯಾಂಕು ಕಾಗದಪತ್ರಗಳು ಸರಿಯಿವೆಯೇ ಎಂದು ನೋಡಿ ಹಣ ಪಾವತಿಸುತ್ತದೆಯೇ ವಿನಾ ಸರಕಿನ ಪೆಟ್ಟಿಗೆಯನ್ನು ಬಿಚ್ಚಿ ನೋಡುವುದಿಲ್ಲ. ಎಸ್ಕ್ರೋದ ಸ್ವಭಾವವೂ ಹೆಚ್ಚುಕಡಿಮೆ ಹೀಗೆಯೇ. ಅದು ಹಣವನ್ನು ಕಾಯುತ್ತದೆ. ಕೆಲಸದ ಗುಣಮಟ್ಟವನ್ನು ಕಾಯುವುದಿಲ್ಲ.

ಉದಾಹರಣೆಗೆ ಅಪ್‌ವರ್ಕ್ ಸಂಸ್ಥೆಯ ಕ್ರಮವನ್ನು ನೋಡೋಣ. ಈಲ್ಯಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ಸಂಸ್ಥೆಗಳು ವಿಲೀನಗೊಂಡ ಬಳಿಕ 2015ರಲ್ಲಿ ಈ ಹೆಸರು ಬಂದಿತು. ಇಲ್ಲಿ ಒಟ್ಟು ಮೊತ್ತ ನಿಗದಿಯಾದ ಕರಾರುಗಳಲ್ಲಿ ಕೆಲಸವನ್ನು ಹಂತಗಳಾಗಿ ವಿಂಗಡಿಸಬಹುದು. ಇವನ್ನು ಮೈಲ್‌ಸ್ಟೋನ್ ಎನ್ನುತ್ತಾರೆ. ಆಯಾ ಹಂತದ ಹಣವನ್ನು ಕೆಲಸ ಕೊಡುವವರು ಮುಂಗಡವಾಗಿ ಎಸ್ಕ್ರೋಗೆ ಕಟ್ಟಬೇಕು. ಕೆಲಸ ಮಾಡಿದವರು ಅದನ್ನು ಸಲ್ಲಿಸಿ ಪಾವತಿ ಕೋರಿದ ಮೇಲೆ, ಪರಿಶೀಲಿಸಲು ನಮಗೆ 14 ದಿನಗಳ ಕಾಲಾವಕಾಶವಿರುತ್ತದೆ. ಒಪ್ಪಿಗೆ ಕೊಟ್ಟರೆ ಹಣ ಬಿಡುಗಡೆಯಾಗುತ್ತದೆ. ಅನಂತರ ಇನ್ನೂ 5 ದಿನ ತಡೆದು ಅವರ ಕೈಸೇರುತ್ತದೆ. ತಿದ್ದುಪಡಿ ಬೇಕೆಂದು ವೇದಿಕೆಯಲ್ಲಿಯೇ ಕೋರಿದರೆ ಗಡುವು ನಿಂತು, ಕೆಲಸ ಮತ್ತೆ ಸಲ್ಲಿಕೆಯಾದಾಗ ಹೊಸದಾಗಿ ಎಣಿಕೆ ಆರಂಭವಾಗುತ್ತದೆ. ಏನನ್ನೂ ಹೇಳದೆ 14 ದಿನ ಕಳೆದರೆ? ಒಪ್ಪಿಗೆ ಕೊಟ್ಟಂತೆಯೇ ಲೆಕ್ಕ. ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನು ಇಲ್ಲಿ ಯಂತ್ರವೇ ಪಾಲಿಸುತ್ತದೆ.

ಇದು ಅನ್ಯಾಯವೆಂದು ಕೆಲವರಿಗೆ ತೋರಬಹುದು. ಆದರೆ ಕೆಲಸ ಮಾಡಿದವರ ಸ್ಥಾನದಲ್ಲಿ ನಿಂತು ನೋಡಿದರೆ, ಕೆಲಸ ಪಡೆದುಕೊಂಡು ತಿಂಗಳುಗಟ್ಟಲೆ ಉತ್ತರಿಸದ ಗ್ರಾಹಕರಿಂದ ರಕ್ಷಣೆ ಅವರಿಗೂ ಬೇಕಷ್ಟೇ. ಬಾಕಿ ವಸೂಲಿಗೆ ಅಲೆದಾಡಿದ ಅನುಭವವಿಲ್ಲದ ಸಣ್ಣ ಉದ್ಯಮಿ ನಮ್ಮಲ್ಲಿ ಯಾರಿದ್ದಾರೆ? ಕಟ್ಟಿದ ಹಣವನ್ನು ನಾವಾಗಿಯೇ ಹಿಂತೆಗೆದುಕೊಳ್ಳುವಂತೆಯೂ ಇಲ್ಲ. ಮರುಪಾವತಿ ಕೋರಿ ಎದುರಿನವರ ಉತ್ತರಕ್ಕೆ ಕಾಯಬೇಕು, ಅವರು ನಿರಾಕರಿಸಿದರೆ ಅದು ವಿವಾದವೆನಿಸುತ್ತದೆ.

ವಿವಾದ ಉಂಟಾದಾಗ ಎಲ್ಲವೂ ಲಿಖಿತ ವಿವರಣೆಯ ಮೇಲೆ ನಿಲ್ಲುತ್ತದೆ. ನಮ್ಮ ಕಕ್ಷಿದಾರರ ಕರಾರಿನಲ್ಲಿದ್ದದ್ದು “ನಮ್ಮ ಉತ್ಪನ್ನಗಳಿಗೆ ಉತ್ತಮ ಕ್ಯಾಟಲಾಗ್” ಎಂಬ ಒಂದೇ ಸಾಲು. 40 ಪುಟದ ಮಾತು ಫೋನಿನಲ್ಲಿ ಆಗಿತ್ತಂತೆ. ಉತ್ತಮ ಎಂದರೇನು ಎಂಬುದನ್ನು ಸಾವಿರಾರು ಮೈಲಿ ದೂರದ ಮಧ್ಯಸ್ಥರು ನಿರ್ಣಯಿಸುವುದಾದರೂ ಹೇಗೆ? ಪುಟಗಳ ಸಂಖ್ಯೆ, ಚಿತ್ರಗಳ ಅಳತೆ, ಎಷ್ಟು ಬಾರಿ ತಿದ್ದುಪಡಿ, ಮುದ್ರಣಕ್ಕೆ ಬೇಕಾದ ಮೂಲ ಫೈಲುಗಳ ಹಸ್ತಾಂತರ, ಇವೆಲ್ಲವನ್ನೂ ಖರೀದಿ ಆದೇಶದಲ್ಲಿ ಬರೆಯುವಷ್ಟೇ ಖಚಿತವಾಗಿ ಬರೆಯಬೇಕು. ಮೊದಲ ಹಂತ ಚಿಕ್ಕದಾಗಿರಲಿ. ಮೂರ್ನಾಲ್ಕು ಮಾದರಿ ಪುಟಗಳು ಸಾಕು. ಮೂಲ ಫೈಲುಗಳು ಕೊನೆಯ ಹಂತಕ್ಕೆ ಸೇರಿರಲಿ, ಅವು ಕೈಗೆ ಬಂದು ತೆರೆದು ನೋಡುವ ಮೊದಲು ಬಿಡುಗಡೆಯ ಗುಂಡಿ ಒತ್ತಬಾರದು. ಕೃತಿಸ್ವಾಮ್ಯದ ವರ್ಗಾವಣೆ ಲಿಖಿತವಾಗಿರಬೇಕೆಂದು ನಮ್ಮ 1957ರ ಕಾಯಿದೆ ಹೇಳುತ್ತದೆ. ಆ ಬಗ್ಗೆಯೂ ಒಂದು ವಾಕ್ಯವಿರುವುದು ಲೇಸು.

ಗಂಟೆ ಲೆಕ್ಕದ ಕರಾರುಗಳ ವಿಷಯ ಬೇರೆ. ಅವುಗಳಲ್ಲಿ ಹಣವನ್ನು ಮುಂಗಡವಾಗಿ ಎಸ್ಕ್ರೋಗೆ ಕಟ್ಟುವ ಕ್ರಮವಿಲ್ಲವೆಂಬುದು ಅನೇಕರಿಗೆ ತಿಳಿದಿಲ್ಲ. ಅಪ್‌ವರ್ಕ್‌ನಲ್ಲಿ ಸೋಮವಾರದಿಂದ ಭಾನುವಾರದವರೆಗಿನ ಗಂಟೆಗಳಿಗೆ ವಾರವಾರ ಬಿಲ್ಲಾಗುತ್ತದೆ. ಕೆಲಸಗಾರರ ಗಣಕದ ಪರದೆಯ ಚಿತ್ರಗಳು ದಿನಚರಿಯಲ್ಲಿ ದಾಖಲಾಗಿರುತ್ತವೆ. ಅದನ್ನು ನೋಡಿ ಆಕ್ಷೇಪಿಸಲು ಇರುವ ಅವಧಿ ಕೆಲವೇ ದಿನಗಳದ್ದು.

ಕೆಲವೊಮ್ಮೆ ಎರಡನೆಯ ಕೆಲಸದ ಹೊತ್ತಿಗೆ, ವೇದಿಕೆಯ ಶುಲ್ಕ ಉಳಿಸೋಣ, ನೇರವಾಗಿ ಹಣ ಕಳುಹಿಸಿ ಎಂಬ ಸಲಹೆ ಬರುತ್ತದೆ. ವೇದಿಕೆಯ ಮೂಲಕ ಪರಿಚಯವಾದವರೊಡನೆ ಹೀಗೆ ಮಾಡುವುದು ಕರಾರಿನ ಉಲ್ಲಂಘನೆ. ಅದಕ್ಕಿಂತ ಮುಖ್ಯವಾಗಿ, ಹಾಗೆ ಕಳುಹಿಸಿದ ಹಣಕ್ಕೆ ಎಸ್ಕ್ರೋದ ರಕ್ಷಣೆ ಯಾವುದೂ ಇರುವುದಿಲ್ಲ.

ಇನ್ನು ಲೆಕ್ಕಪತ್ರದ ವಿಷಯ. ಎಸ್ಕ್ರೋಗೆ ಕಟ್ಟಿದ ದಿನವೇ ಪೂರ್ತಿ ಮೊತ್ತವನ್ನು ಖರ್ಚು ಬರೆಯುವುದು ನಾನು ಪದೇಪದೇ ಕಾಣುವ ತಪ್ಪು. ಕೆಲಸ ಒಪ್ಪಿತವಾಗುವವರೆಗೆ ಅದು ಮುಂಗಡ. ಮಾರ್ಚ್ 31ರಂದು ಹಂತವು ಅಪೂರ್ಣವಾಗಿದ್ದರೆ ಆಸ್ತಿಯ ಕಡೆಯಲ್ಲಿಯೇ ತೋರಿಸಬೇಕು. ಕೆಲಸ ಮಾಡಿದವರು ವಿದೇಶದವರಾಗಿದ್ದು ನಮ್ಮ ಘಟಕ ಜಿಎಸ್‌ಟಿ ನೋಂದಣಿ ಹೊಂದಿದ್ದರೆ ಅದು ಸೇವೆಯ ಆಮದು. ರಿವರ್ಸ್ ಚಾರ್ಜ್ ಅಡಿಯಲ್ಲಿ ತೆರಿಗೆಯನ್ನು ನಾವೇ ಕಟ್ಟಬೇಕು. ವಿನ್ಯಾಸದ ಕೆಲಸಕ್ಕೆ ಅದು ಶೇ. 18. ಇದನ್ನು ಹೂಡುವಳಿ ತೆರಿಗೆಯ ಜಮೆಯಿಂದ ತೀರಿಸಲಾಗದು, ನಗದು ಲೆಡ್ಜರ್‌ನಿಂದಲೇ ಪಾವತಿಸಿ ಅನಂತರ ಜಮೆ ಪಡೆಯಬೇಕು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಆ ಜಮೆಯೂ ಸಿಗದು; ಬೆಲೆ ಹೋಲಿಸುವಾಗಲೇ ಅದನ್ನು ಕೂಡಿಸಿಕೊಳ್ಳಬೇಕಾಗುತ್ತದೆ. ವೇದಿಕೆ ವಿದೇಶದಿಂದ ವಿಧಿಸುವ ಶುಲ್ಕಕ್ಕೂ ಇದೇ ನಿಯಮ. ಅನಿವಾಸಿಗೆ ಪಾವತಿ ಮಾಡುವಾಗ ಮೂಲದಲ್ಲಿ ಆದಾಯ ತೆರಿಗೆ ಕಡಿತ ಅನ್ವಯಿಸುತ್ತದೆಯೇ ಎಂಬುದು ಆ ದೇಶದೊಡನಿರುವ ತೆರಿಗೆ ಒಪ್ಪಂದವನ್ನು ಅವಲಂಬಿಸಿದೆ. ಹಣ ಕಟ್ಟುವ ಮೊದಲೇ ತಮ್ಮ ಲೆಕ್ಕಪರಿಶೋಧಕರನ್ನು ಕೇಳುವುದು ಒಳ್ಳೆಯದು, ಕಟ್ಟಿದ ಮೇಲಲ್ಲ.

ನಮ್ಮ ಕಕ್ಷಿದಾರರು ರಿವರ್ಸ್ ಚಾರ್ಜ್ ತೆರಿಗೆಯನ್ನೂ ಕಟ್ಟಿರಲಿಲ್ಲ. ಬಡ್ಡಿ ಸಹಿತ ಕಟ್ಟಿಸಿದೆವು. ಉಳಿದ 18 ಪುಟಗಳಿಗೆ ಅದೇ ಡಿಸೈನರ್ ಜೊತೆ ಮಾತುಕತೆಯಾಗಿ, ಮೂರು ಹಂತಗಳ ಹೊಸ ಕರಾರು ಏರ್ಪಟ್ಟಿದೆ. ವೇದಿಕೆಯ ಇ-ಮೇಲ್‌ಗಳು ಈಗ ಅವರ ಗುಮಾಸ್ತರ ವಿಳಾಸಕ್ಕೂ ಬರುತ್ತಿವೆ. ಕೆಲಸ ಸಲ್ಲಿಕೆಯಾದ ದಿನ ಅವರು ಗೋಡೆಯ ಕ್ಯಾಲೆಂಡರ್‌ನಲ್ಲಿ ಹತ್ತನೆಯ ದಿನಕ್ಕೆ ಕೆಂಪು ಶಾಯಿಯ ಗುರುತು ಹಾಕಿಡುತ್ತಾರೆ.