ಸ್ವ-ಭಾವಚಿತ್ರದಲ್ಲಿ ವೇಷ ಮತ್ತು ವ್ಯಕ್ತಿತ್ವ

ತನ್ನನ್ನೇ ಛಾಯಾಚಿತ್ರದ ವಸ್ತುವಾಗಿಸಿಕೊಳ್ಳುವ ಸ್ವ-ಭಾವಚಿತ್ರವನ್ನು ಸಾಮಾನ್ಯವಾಗಿ ಅಂತರಂಗದ ಅಭಿವ್ಯಕ್ತಿಯೆಂದು ಪರಿಗಣಿಸಲಾಗುತ್ತದೆ. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಕೃತಿಗಳು ಈ ಗ್ರಹಿಕೆಯನ್ನು ಮರುಪರಿಶೀಲನೆಗೆ ಒಡ್ಡುತ್ತವೆ. 1996-98ರ 'ಫ್ಯಾಂಟಮ್ ಲೇಡಿ ಆರ್ ಕಿಸ್ಮತ್' ಸರಣಿಯಲ್ಲಿ ಮುಸುಕುಧಾರಿ ಸಾಹಸಿಯೂ ಆಕೆಯ ಅವಳಿ ಸೋದರಿಯೂ ಅವರೇ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000-04ರಲ್ಲಿ ರೂಪಿಸಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯಾಗಿ, ತೋಡ ಸ್ತ್ರೀಯಾಗಿ ಕಾಣಿಸಿಕೊಂಡಿದ್ದಾರೆ.

ಜಾನಪದ ಅಧ್ಯಯನಕ್ಕೆ ತೋಡ ಸ್ತ್ರೀಯ ಚಿತ್ರವು ಮುಖ್ಯವಾದುದು. 19ನೆಯ ಶತಮಾನದ ಜನಾಂಗ ಅಧ್ಯಯನಕಾರರು ಬುಡಕಟ್ಟಿನವರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ, ಅಂಗಾಂಗಗಳನ್ನು ಅಳೆದು, ವ್ಯಕ್ತಿಯನ್ನು ಕೇವಲ 'ಮಾದರಿ'ಯಾಗಿ ದಾಖಲಿಸಿದರು. ಭಂಗಿಯ ಆಯ್ಕೆ ಚಿತ್ರಿತರದಾಗಿರಲಿಲ್ಲ. ಅಂತಹುದೇ ಪರದೆಯ ಮುಂದೆ ಕಲಾವಿದೆ ಸ್ವೇಚ್ಛೆಯಿಂದ ನಿಂತಾಗ, ಆ 'ವೈಜ್ಞಾನಿಕತೆ'ಯೂ ಒಂದು ರಂಗಸಜ್ಜಿಕೆಯೆಂಬುದು ಬಯಲಾಗುತ್ತದೆ.

ನಮ್ಮ ಹಗಲುವೇಷಗಾರನು ದಿನಕ್ಕೊಂದು ವೇಷ ಧರಿಸಿ ಮನೆಬಾಗಿಲಿಗೆ ಬರುತ್ತಾನೆ; ವೇಷದ ಹಿಂದಿನ ವ್ಯಕ್ತಿಯನ್ನು ನೋಡುಗರು ಮರೆಯುವುದಿಲ್ಲ. ಪುಷ್ಪಮಾಲಾ ಅವರ ಚಿತ್ರಗಳಲ್ಲಿಯೂ ಪಾತ್ರಗಳು ಹಲವು, ಮುಖ ಒಂದೇ. ವ್ಯಕ್ತಿತ್ವದ ವಿವಿಧ ಮುಖಗಳು ಒಳಗಿನಿಂದ ಮಾತ್ರ ಹುಟ್ಟುವುದಿಲ್ಲ. ಚಿತ್ರಪಟ, ಸಿನಿಮಾ, ಶಾಸ್ತ್ರಗಳೂ ಅವನ್ನು ತೊಡಿಸುತ್ತವೆ. ಆದುದರಿಂದ ಕ್ಷೇತ್ರಕಾರ್ಯದಲ್ಲಿ ಕ್ಯಾಮೆರಾ ಹಿಡಿಯುವ ಸಂಶೋಧಕರು, ತಾವು ದಾಖಲಿಸುತ್ತಿರುವುದು ವಕ್ತೃವು ಬಯಸಿದ ರೂಪವನ್ನೋ ತಾವೇ ತೊಡಿಸಿದ ವೇಷವನ್ನೋ ಎಂಬುದನ್ನು ಪರಿಶೀಲಿಸಿಕೊಳ್ಳುವುದು ಅಗತ್ಯವಾಗಿದೆ.